ಬಿಲ್ಲಿನಲ್ಲಿರುವ ಟಿಪ್ಸ್, ಕೈಯಲ್ಲಿ ಕೊಡುವ ಟಿಪ್ಸ್

ಸಿಂಗಪುರದಿಂದ ನಾಲ್ಕು ರಾತ್ರಿಯ ಕ್ರೂಸ್‌ಗೆ ಹೋಗಿಬಂದೆ ಅಂದಾಗ ಆಫೀಸಿನಲ್ಲಿ ಸಮುದ್ರ ಹೇಗಿತ್ತು ಅಂತ ಕೇಳಿದವರು ಕಡಿಮೆ. ಹೆಚ್ಚಿನವರು ಕೇಳಿದ್ದು ಟಿಪ್ಸ್ ಬಗ್ಗೆ. “ಟಿಕೆಟ್‌ಗೆ ಅಷ್ಟು ಕೊಟ್ಟಿರ್ತೀವಿ, ಅದರ ಮೇಲೆ ದಿನಕ್ಕಿಷ್ಟು ಟಿಪ್ಸ್ ಹಾಕ್ತಾರಂತೆ. ಸ್ಪೆಷಲ್ ರೆಸ್ಟೋರೆಂಟಿಗೆ ಹೋದ್ರೆ ಅಲ್ಲೂ ಸೇರಿಸ್ತಾರಂತೆ. ಆಮೇಲೆ ಬಿಲ್ಲಿನ ಕೆಳಗೆ ಇನ್ನೊಂದು ಖಾಲಿ ಗೆರೆ ಬೇರೆ ಇರುತ್ತಂತೆ. ನಿಜವಾಗ್ಲೂ ಎಷ್ಟು ಸಲ ಕೊಡ್ಬೇಕು ಮಾರಾಯ?” ಈ ಪ್ರಶ್ನೆ ನಮ್ಮ ಮನೆಯೊಳಗೇ ಒಂದು ಸಣ್ಣ ಜಗಳಕ್ಕೆ ಕಾರಣವಾಗಿತ್ತು. ಹಾಗಾಗಿ ನಾನು ತಿಳಿದುಕೊಂಡದ್ದನ್ನು ಬರೆದುಬಿಡೋಣ ಅನ್ನಿಸಿತು.

ಮೊದಲು ಊಟದ ವ್ಯವಸ್ಥೆ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಟಿಕೆಟ್ ದುಡ್ಡಿನಲ್ಲೇ ಮೂರು ಹೊತ್ತಿನ ಊಟ ಸೇರಿರುತ್ತದೆ. ಬಫೆ ಇರುತ್ತದೆ, ಕುಳಿತು ಬಡಿಸಿಕೊಳ್ಳುವ ಮುಖ್ಯ ಊಟದ ಹಾಲ್ ಇರುತ್ತದೆ. ಇವೆರಡೂ ಅಲ್ಲದೆ ಬೇರೆ ದುಡ್ಡು ಕೊಟ್ಟು ಹೋಗುವ ಸ್ಪೆಷಾಲಿಟಿ ರೆಸ್ಟೋರೆಂಟುಗಳು ಇರುತ್ತವೆ: ಇಟಾಲಿಯನ್, ಸುಶಿ, ಸ್ಟೇಕ್‌ಹೌಸ್, ಕಣ್ಣೆದುರೇ ಕಾವಲಿಯ ಮೇಲೆ ಸೌಟು ಕುಣಿಸುತ್ತಾ ಅಡುಗೆ ಮಾಡುವ ಜಪಾನಿನ ತೆಪ್ಪನ್‌ಯಾಕಿ. ಕೆಲವು ಹಡಗುಗಳಲ್ಲಿ ಶೆಫ್ಸ್ ಟೇಬಲ್ ಅಂತ ಒಂದಿದೆ. ಹತ್ತು-ಹದಿನೈದು ಜನರನ್ನು ಒಂದೇ ಮೇಜಿನಲ್ಲಿ ಕೂರಿಸಿ, ಒಂದೊಂದಾಗಿ ತಿನಿಸು ತಂದು, ಅದರ ಕಥೆ ಹೇಳಿ ಬಡಿಸುತ್ತಾರೆ. ನಮ್ಮ ಮದುವೆ ಊಟದಲ್ಲಿ ಎಲೆಯ ತುದಿಗೆ ನಿಂತು ಉಪಚಾರ ಮಾಡುತ್ತಾರಲ್ಲ, ಸುಮಾರಾಗಿ ಹಾಗೆ.

ಈಗ ಟಿಪ್ಸ್. ಇದು ಎರಡು ಬೇರೆ ಬೇರೆ ಲೆಕ್ಕ. ಒಂದು, ದಿನದ ಟಿಪ್ಸ್. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್, ಸೂಟ್ ರೂಮಿಗೆ ಇನ್ನೂ ಹೆಚ್ಚು. 18 ಡಾಲರ್ ಅಂತ ಇಟ್ಟುಕೊಂಡರೂ ನಾಲ್ಕು ಜನಕ್ಕೆ ನಾಲ್ಕು ದಿನಕ್ಕೆ 288 ಡಾಲರ್ ಆಯ್ತು. ನಮ್ಮ ರೂಪಾಯಿಯಲ್ಲಿ ಹತ್ತಿರ ಹತ್ತಿರ 25 ಸಾವಿರ. ಎರಡನೆಯದು, ಸ್ಪೆಷಲ್ ಊಟದ ಮೇಲಿನ ಸರ್ವೀಸ್ ಚಾರ್ಜ್. ರಾಯಲ್ ಕೆರಿಬಿಯನ್‌ನಲ್ಲಿ ಇದು ಶೇ. 18, ನಾರ್ವೇಜಿಯನ್ ಮತ್ತು ಸೆಲೆಬ್ರಿಟಿ ಕಂಪನಿಗಳಲ್ಲಿ ಶೇ. 20. ಅಂದರೆ 50 ಡಾಲರಿನ ಊಟಕ್ಕೆ 9 ಅಥವಾ 10 ಡಾಲರ್ ತಾನಾಗಿಯೇ ಸೇರಿಕೊಳ್ಳುತ್ತದೆ. ನೀವು ಮನೆಯಲ್ಲಿ ಕೂತು ಮೊದಲೇ ಆನ್‌ಲೈನ್‌ನಲ್ಲಿ ಡೈನಿಂಗ್ ಪ್ಯಾಕೇಜ್ ಕೊಂಡಿದ್ದರೆ ಸಾಮಾನ್ಯವಾಗಿ ಆ ಚಾರ್ಜನ್ನೂ ಆಗಲೇ ಕೊಟ್ಟಿರುತ್ತೀರಿ. ಊಟದ ಕೊನೆಗೆ ಬರುವ ಬಿಲ್ಲಿನಲ್ಲಿ ಸೊನ್ನೆ ಇದ್ದರೂ ಕೆಳಗೊಂದು ಖಾಲಿ ಗೆರೆ ಕಾಣುತ್ತದೆ. ಅದು ಹೆಚ್ಚುವರಿ ಟಿಪ್ಸ್‌ಗೆ ಬಿಟ್ಟ ಜಾಗ. ತುಂಬಲೇಬೇಕು ಅಂತೇನಿಲ್ಲ. ಗೆರೆ ಎಳೆದು ಸಹಿ ಮಾಡಿದರೆ ಯಾರೂ ಮುಖ ಸಿಂಡರಿಸುವುದಿಲ್ಲ.

ನಾವು ಹೋದದ್ದು ಅಪ್ಪ ರಿಟೈರ್ ಆದ ಖುಷಿಗೆ. ಅಪ್ಪ, ಅಮ್ಮ, ಅಕ್ಕ, ಭಾವ, ನಾನು. ಎರಡನೇ ದಿನ ಸಂಜೆ ಭಾವ ರೂಮಿನ ಟಿವಿಯಲ್ಲಿ ನಮ್ಮ ಲೆಕ್ಕ ತೆಗೆದು ನೋಡಿದರು. ದಿನದ ಟಿಪ್ಸ್ ಒಂದು ಕಡೆ, ಆ ರಾತ್ರಿಗೆ ಬುಕ್ ಮಾಡಿದ್ದ ಇಟಾಲಿಯನ್ ಊಟದ ಸರ್ವೀಸ್ ಚಾರ್ಜ್ ಇನ್ನೊಂದು ಕಡೆ. ಅವರಿಗೆ ರೇಗಿಹೋಯಿತು.

“ಇವತ್ತು ರಾತ್ರಿ ಅವರ ಹಾಲ್‌ನಲ್ಲಿ ಊಟಾನೇ ಮಾಡಲ್ಲ, ಅದಕ್ಕೂ ಟಿಪ್ಸ್ ಯಾಕೆ? ಕೆಳಗಡೆ ಕೌಂಟರಿನಲ್ಲಿ ಹೇಳಿದ್ರೆ ದಿನದ್ದನ್ನ ತೆಗೀತಾರಂತೆ. ನಮ್ಮ ದೇಶದಲ್ಲಿ ಕೋರ್ಟೇ ಹೇಳಿಲ್ವಾ, ಸರ್ವೀಸ್ ಚಾರ್ಜ್ ಬಲವಂತ ಮಾಡಬಾರದು ಅಂತ?”

ಭಾವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, ಹೋಟೆಲುಗಳು ಬಿಲ್ಲಿಗೆ ತಾವಾಗಿಯೇ ಸರ್ವೀಸ್ ಚಾರ್ಜ್ ಸೇರಿಸುವಂತಿಲ್ಲ ಅಂತ ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಆದರೆ ಅದು ಇಲ್ಲಿನ ಹೋಟೆಲುಗಳ ಮಾತು. ದೊಡ್ಡ ಕ್ರೂಸ್ ಹಡಗುಗಳು ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾದಂಥ ದೇಶಗಳಲ್ಲಿ ನೋಂದಣಿಯಾಗಿ ಆ ಬಾವುಟದ ಕೆಳಗೆ ಓಡಾಡುತ್ತವೆ. ಅಲ್ಲಿನ ಕೆಲಸಗಾರರ ಸಂಬಳ, ಟಿಪ್ಸ್ ಎಲ್ಲ ಬೇರೆಯದೇ ಲೆಕ್ಕ.

ಈ ದಿನದ ಟಿಪ್ಸ್ ಯಾಕೆ ಶುರುವಾಯಿತು ಅನ್ನುವುದಕ್ಕೂ ಊಟದ ನಂಟಿದೆ. ಹಿಂದೆ ಹಡಗಿನಲ್ಲಿ ಪ್ರತಿ ರಾತ್ರಿ ಅದೇ ಮೇಜು, ಅದೇ ಹೊತ್ತು, ಅದೇ ವೇಟರ್. ಕೊನೆಯ ರಾತ್ರಿ ವೇಟರ್‌ಗೊಂದು, ಅವನ ಸಹಾಯಕನಿಗೊಂದು, ರೂಮು ನೋಡಿಕೊಂಡವನಿಗೊಂದು ಕವರ್ ಕೊಟ್ಟು ಕೈಕುಲುಕಿದರೆ ಮುಗಿಯಿತು. 2000ದಲ್ಲಿ ನಾರ್ವೇಜಿಯನ್ ಕಂಪನಿ ‘ಫ್ರೀಸ್ಟೈಲ್ ಕ್ರೂಸಿಂಗ್’ ಅಂತ ತಂದಿತು. ಯಾವ ರೆಸ್ಟೋರೆಂಟಿಗೆ ಬೇಕಾದರೂ, ಯಾವ ಹೊತ್ತಿಗೆ ಬೇಕಾದರೂ ಹೋಗಿ ಅಂತ. ದಿನಕ್ಕೊಂದು ಮೇಜಿನಲ್ಲಿ ಕೂತರೆ ಕೊನೆಯ ದಿನ ಯಾರಿಗೆ ಅಂತ ಕವರ್ ಕೊಡುತ್ತೀರಿ? ಹಾಗಾಗಿ ಎಲ್ಲರಿಂದ ದಿನಕ್ಕಿಷ್ಟು ಅಂತ ತೆಗೆದುಕೊಂಡು ಹಂಚುವ ಪದ್ಧತಿ ಬಂತು, ಬೇರೆ ಕಂಪನಿಗಳಿಗೂ ಹರಡಿತು. ಸ್ಪೆಷಲ್ ಊಟಗಳು ಹೆಚ್ಚಿದಷ್ಟೂ ಈ ಪದ್ಧತಿ ಗಟ್ಟಿಯಾಯಿತು.

ನಾನು ಇದನ್ನೆಲ್ಲ ಹೇಳಿದರೂ ಭಾವನಿಗೆ ಸಮಾಧಾನ ಆಗಲಿಲ್ಲ. “ಊಟ ಮುಗಿಸಿ ಬಂದು ಕೌಂಟರಿಗೆ ಹೋಗ್ತೀನಿ” ಅಂದರು. ಅಪ್ಪ ಏನೂ ಹೇಳದೆ ಚಪ್ಪಲಿ ಹಾಕಿಕೊಂಡರು.

ಇಟಾಲಿಯನ್ ರೆಸ್ಟೋರೆಂಟಿನಲ್ಲಿ ನಮ್ಮ ಮೇಜಿಗೆ ಬಂದ ಹುಡುಗ ಮಂಗಳೂರು ಕಡೆಯವನು. ಅಮ್ಮ ನನ್ನ ಹತ್ತಿರ “ಇದರಲ್ಲಿ ಏನೇನು ಹಾಕಿರ್ತಾರೋ ಏನೋ” ಅಂದದ್ದು ಕಿವಿಗೆ ಬಿದ್ದದ್ದೇ, “ಅಮ್ಮ, ನೀವು ಮೊಟ್ಟೆ ತಿನ್ನುವುದಿಲ್ಲವಾ?” ಅಂತ ಕನ್ನಡದಲ್ಲೇ ಕೇಳಿದ. ಅಮ್ಮನ ಮುಖ ಅರಳಿಹೋಯಿತು. “ಹಾಗಾದ್ರೆ ಇದು ಬೇಡ. ಇವರು ಇಲ್ಲೇ ಕಲಸಿ ಮಾಡುವ ಪಾಸ್ತಾದಲ್ಲಿ ಮೊಟ್ಟೆ ಉಂಟು. ಒಣಗಿದ ಸ್ಪಾಗೆಟ್ಟಿಯಲ್ಲಿ ಇಲ್ಲ. ಅದರಲ್ಲೇ ಮಾಡಿಸಿಕೊಂಡು ಬರ್ತೇನೆ” ಅಂದ. ಮೆನುವಿನಲ್ಲಿ ಅದರ ಮುಂದೆ ಸಸ್ಯಾಹಾರ ಅಂತಲೇ ಗುರುತಿತ್ತು. ಮೊಟ್ಟೆಯನ್ನು ನಾವು ಹೇಗೆ ನೋಡುತ್ತೇವೆ ಅನ್ನುವುದು ಅವನಿಗೆ ಗೊತ್ತಿತ್ತು, ಅಷ್ಟೆ. ಒಳಗೆ ಹೋಗಿ ಅಡುಗೆಯವರನ್ನು ಒಪ್ಪಿಸಿ, ಬೇರೆ ಬಾಣಲೆಯಲ್ಲಿ ಮಾಡಿಸಿ, ಮೇಲಿಷ್ಟು ಹಸಿಮೆಣಸಿನಕಾಯಿಯನ್ನೂ ಹಾಕಿಸಿಕೊಂಡು ಬಂದ.

ಊಟ ನಡೆಯುವಾಗ ಅಪ್ಪ ಅವನನ್ನು ಮಾತಿಗೆಳೆದರು. ಮನೆ ಬಿಟ್ಟು ಏಳು ತಿಂಗಳಾಗಿತ್ತಂತೆ. ಒಂದು ಕಾಂಟ್ರ್ಯಾಕ್ಟ್ ಮುಗಿಯುವವರೆಗೆ ವಾರದ ರಜೆ ಅನ್ನುವುದು ಇಲ್ಲವಂತೆ. ಹಡಗಿನ ಕೆಲಸಗಾರರಿಗೆ ಅಂತಾರಾಷ್ಟ್ರೀಯ ನಿಯಮ ಒಂದಿದೆ, 2006ರ ಸಾಗರ ಕಾರ್ಮಿಕ ಒಪ್ಪಂದ. ಅದರ ಪ್ರಕಾರ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ನಾನು ಇಂಜಿನಿಯರ್ ಬುದ್ಧಿಯಿಂದ ಅದನ್ನು ತಿರುಗಿಸಿ ಲೆಕ್ಕ ಹಾಕಿದೆ: ಉಳಿದದ್ದು ದಿನಕ್ಕೆ 14 ಗಂಟೆ. ನಮ್ಮ ಆಫೀಸಿನಲ್ಲಿ ರಿಲೀಸ್ ಇದ್ದಾಗ ಎರಡು ದಿನ ಹಾಗೆ ದುಡಿದರೆ ಪಿಜ್ಜಾ ತರಿಸಿಕೊಡುತ್ತಾರೆ, ಮರುದಿನ ರಜೆ ಕೊಡುತ್ತಾರೆ.

ಕೊನೆಗೆ ಅಪ್ಪ ಕೇಳಿದರು: “ಅಲ್ಲಪ್ಪಾ, ಟಿಪ್ಸ್ ಅಂತ ದಿನಾ ಹಾಕ್ತಾರಲ್ಲ, ಅದು ಒಳಗೆ ತಟ್ಟೆ ತೊಳೆಯೋರಿಗೂ ಹೋಗುತ್ತಾ?”

ಹುಡುಗ ಒಂದು ಕ್ಷಣ ಅಪ್ಪನನ್ನೇ ನೋಡಿದ. “ಹೋಗ್ತದೆ ಅಂಕಲ್. ನಾನು ಮೊದಲ ಕಾಂಟ್ರ್ಯಾಕ್ಟ್‌ನಲ್ಲಿ ಒಳಗೇ ಇದ್ದದ್ದು, ಪಾತ್ರೆ ತೊಳೆಯುವ ಕಡೆ. ಇಲ್ಲಿ ಹೊರಗೆ ಬಂದು ಎರಡು ವರ್ಷ ಆಯ್ತಷ್ಟೆ” ಅಂದ.

ಅಪ್ಪ ಯಾಕೆ ಹಾಗೆ ಕೇಳಿದರು ಅಂತ ನಮಗೆ ಗೊತ್ತಿತ್ತು. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗುವ ಮೊದಲು, ಹದಿನಾಲ್ಕನೇ ವಯಸ್ಸಿಗೆ ಅವರು ಶಿವಮೊಗ್ಗದ ಒಂದು ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿದ್ದರು. ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಜೊತೆ ಗಿರಾಕಿಗಳು ನಾಲ್ಕಾಣೆ, ಎಂಟಾಣೆ ಬಿಟ್ಟು ಹೋಗುತ್ತಿದ್ದರಂತೆ. ಅದು ಮಾಣಿಗೆ. ಮೇಜು ಒರೆಸುವ, ಲೋಟ ತೊಳೆಯುವ ಹುಡುಗರಿಗೆ ಏನೂ ಇಲ್ಲ. ಒಬ್ಬ ಮಾಣಿ ಮಾತ್ರ ರಾತ್ರಿ ಬಾಗಿಲು ಹಾಕಿದ ಮೇಲೆ ತನಗೆ ಬಂದದ್ದರಲ್ಲಿ ಒಂದು ಪಾಲು ಕ್ಲೀನರ್ ಹುಡುಗರಿಗೆ ಹಂಚುತ್ತಿದ್ದನಂತೆ. “ಅವನ ಹೆಸರು ಇವತ್ತಿಗೂ ನೆನಪಿದೆ, ಸಾಹುಕಾರರ ಹೆಸರು ಮರೆತುಹೋಗಿದೆ” ಅಂತ ಅಪ್ಪ ಆಗಾಗ ಹೇಳುತ್ತಿರುತ್ತಾರೆ.

ರೂಮಿಗೆ ವಾಪಸ್ ಬರುವಾಗ ಲಿಫ್ಟ್‌ನಲ್ಲಿ ಅಪ್ಪ ಭಾವನಿಗೆ ಅಂದದ್ದು ಇಷ್ಟೇ: “ನೀವು ದಿನದ್ದು ತೆಗೆಸಿದ್ರೆ ಈ ಹುಡುಗನಿಗೆ ಅಷ್ಟು ನಷ್ಟ ಆಗಲಿಕ್ಕಿಲ್ಲ. ಇವನ ಮುಖ ನಾವು ನೋಡಿದ್ವಿ, ಹೇಗಿದ್ರೂ ಏನಾದ್ರೂ ಕೊಡ್ತೀವಿ. ನಾವು ಮುಖ ನೋಡದೇ ಇರೋರಿಗೆ ಹೋಗೋದು ಅದೊಂದೇ.” ಭಾವ ಆ ರಾತ್ರಿ ಕೌಂಟರಿಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಆದರೂ ತಮ್ಮ ವಾದ ಬಿಡಲಿಲ್ಲ: “ಅವರ ಸಂಬಳ ಕಂಪನಿ ಕೊಡಬೇಕು ಮಾವ, ನಾವಲ್ಲ.”

ಭಾವನ ಈ ಮಾತು ನನಗೂ ಸರಿ ಅನ್ನಿಸುತ್ತದೆ. ಟಿಕೆಟ್ ದರ ಕಡಿಮೆ ತೋರಿಸಿ, ಸಂಬಳದ ಒಂದು ಭಾಗವನ್ನು ಟಿಪ್ಸ್ ಅನ್ನುವ ಹೆಸರಿನಲ್ಲಿ ನಮ್ಮ ಮೇಲೆ ಹಾಕುವುದು ನೇರವಾದ ದಾರಿಯಲ್ಲ. ಬೇರೆ ದಾರಿ ಇಲ್ಲ ಅನ್ನುವಂತೆಯೂ ಇಲ್ಲ. ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ 2019ರಲ್ಲಿ ದಿನದ ಟಿಪ್ಸನ್ನು ಬೇರೆಯಾಗಿ ಹಾಕುವುದನ್ನೇ ನಿಲ್ಲಿಸಿ ಟಿಕೆಟ್ ದರದೊಳಗೆ ಸೇರಿಸಿಬಿಟ್ಟಿತು. ಎಲ್ಲರೂ ಹಾಗೆ ಮಾಡಲಿ. ಆದರೆ ಆ ಜಗಳವನ್ನು ಕಂಪನಿಯ ಜೊತೆ ಆಡಬೇಕು, ಪಾತ್ರೆ ತೊಳೆಯುವವನ ಪಾಲಿನ ಮೇಲೆ ಆಡಬಾರದು. ಒಪ್ಪಿಗೆ ಇಲ್ಲದಿದ್ದರೆ ಬುಕ್ ಮಾಡುವ ಮೊದಲೇ ಟಿಪ್ಸ್ ಸೇರಿರುವ ಕಂಪನಿಯನ್ನು ಹುಡುಕಬಹುದು. ಹಡಗು ಹತ್ತಿ, ಬಡಿಸಿಕೊಂಡು ಉಂಡು, ಕೊನೆಯ ದಿನ ಕೌಂಟರಿನಲ್ಲಿ ಹೆಸರು ತೆಗೆಸುವುದು ನನಗೆ ಸರಿಕಾಣುವುದಿಲ್ಲ.

ಹೋಗುವವರಿಗೆ ಅನುಕೂಲವಾಗಲಿ ಅಂತ ಕೆಲವು ಮಾತು.

ದಿನದ ಟಿಪ್ಸ್ ಮತ್ತು ಊಟದ ಸರ್ವೀಸ್ ಚಾರ್ಜ್ ಎರಡನ್ನೂ ಟಿಕೆಟ್ ಜೊತೆಯೇ ಬಜೆಟ್‌ಗೆ ಸೇರಿಸಿಕೊಳ್ಳಿ. ಹಲವು ಕಂಪನಿಗಳಲ್ಲಿ ದಿನದ ಟಿಪ್ಸನ್ನು ಮೊದಲೇ ಕಟ್ಟಬಹುದು, ಆಗ ಹಡಗಿನಲ್ಲಿ ಲೆಕ್ಕ ನೋಡಿ ಬೆಚ್ಚಿಬೀಳುವ ಪ್ರಸಂಗ ಇರುವುದಿಲ್ಲ. ದರಗಳು ಬದಲಾಗುತ್ತಿರುತ್ತವೆ, ಬುಕ್ ಮಾಡುವ ದಿನವೇ ನೋಡಿಕೊಳ್ಳಿ. ಮಕ್ಕಳಿಗೂ ದೊಡ್ಡವರಷ್ಟೇ ಹಾಕುವ ಕಂಪನಿಗಳಿವೆ.

ಸ್ಪೆಷಲ್ ಊಟದ ಬಿಲ್ ಬಂದಾಗ ಸಹಿ ಹಾಕುವ ಮೊದಲು ಓದಿ. ಸರ್ವೀಸ್ ಚಾರ್ಜ್ ಸೇರಿದ್ದರೆ ನಿಮ್ಮ ಕರ್ತವ್ಯ ಅಲ್ಲಿಗೆ ಮುಗಿಯಿತು. ಆಫರ್‌ನಲ್ಲಿ ಅಥವಾ ಕೂಪನ್‌ನಲ್ಲಿ ಪುಕ್ಕಟೆ ಊಟ ಸಿಕ್ಕಿದ್ದರೆ ಮಾತ್ರ, “ಟಿಪ್ಸ್ ಸೇರಿದೆಯಾ?” ಅಂತ ಕೇಳಿ. ಸೇರಿಲ್ಲ ಅಂದರೆ ಆ ಊಟದ ಅಸಲಿ ಬೆಲೆ ನೋಡಿ ಕೊಡುವುದು ಮರ್ಯಾದೆ.

ಮೇಲೆ ಕೊಡುವುದು ನಿಮ್ಮ ಖುಷಿ. ಯಾರಾದರೂ ತಮ್ಮ ಕೆಲಸದ ಆಚೆಗೆ ನಿಮಗೋಸ್ಕರ ಏನಾದರೂ ಮಾಡಿದ್ದರೆ ಇಡೀ ಮೇಜಿನಿಂದ ಐದೋ ಹತ್ತೋ ಡಾಲರ್ ಕೊಟ್ಟರೆ ಚೆನ್ನಾಗಿರುತ್ತದೆ. ಖಾಲಿ ಗೆರೆಯಲ್ಲಿ ಬರೆಯಬಹುದು, ಕೈಯಲ್ಲೂ ಕೊಡಬಹುದು. ಕೈಯಲ್ಲಿ ಕೊಡುವುದಾದರೆ ನೋಟೇ ಇರಲಿ, ಚಿಲ್ಲರೆ ನಾಣ್ಯ ಬೇಡ. ನಮ್ಮ ರೂಪಾಯಿಯೂ ಬೇಡ, ಫಿಲಿಪೈನ್ಸ್‌ನವರೋ ಇಂಡೋನೇಷ್ಯಾದವರೋ ಅದನ್ನು ಎಲ್ಲಿ ಬದಲಾಯಿಸಬೇಕು? ಹಡಗಿನೊಳಗೆ ಎಲ್ಲವೂ ಕಾರ್ಡ್ ವ್ಯವಹಾರ. ಹತ್ತುವ ಮೊದಲೇ ಸಣ್ಣ ನೋಟು ಮಾಡಿಸಿಟ್ಟುಕೊಳ್ಳಿ.

ಇನ್ನೊಂದು, ಖರ್ಚೇ ಇಲ್ಲದ್ದು. ಪ್ರವಾಸ ಮುಗಿದ ಮೇಲೆ ಕಂಪನಿಯಿಂದ ಅಭಿಪ್ರಾಯ ಕೇಳಿ ಈಮೇಲ್ ಬರುತ್ತದೆ. ನಾವೆಲ್ಲ ಅಂಥದ್ದನ್ನು ಓದದೆ ಅಳಿಸುತ್ತೇವೆ. ಹೆಸರು ಹಾಕಿ ಎರಡು ಸಾಲು ಬರೆದರೆ ಅದು ಅವರ ಮೇಲಿನವರ ಕಣ್ಣಿಗೆ ಬೀಳುತ್ತದೆ, ಬಡ್ತಿಗೂ ನೆರವಾಗುತ್ತದೆ. ಎದೆಯ ಮೇಲಿನ ಹೆಸರಿನ ಬಿಲ್ಲೆಯ ಫೋಟೋ ತೆಗೆಯುವುದಕ್ಕಿಂತ, ಕೇಳಿ ಬರೆದುಕೊಳ್ಳಿ. ಕೇಳಿದ್ದಕ್ಕೇ ಅವರಿಗೆ ಖುಷಿಯಾಗುತ್ತದೆ.

ನಮ್ಮ ಮಂಗಳೂರು ಹುಡುಗನಿಗೆ ಅಪ್ಪ ಹತ್ತು ಡಾಲರಿನ ನೋಟನ್ನು ಕವರಿನಲ್ಲಿಟ್ಟು ಕೊಟ್ಟರು. ಅಮ್ಮ ತನ್ನ ಬ್ಯಾಗಿನಲ್ಲಿದ್ದ ಕೋಡುಬಳೆ ಪೊಟ್ಟಣ ಕೊಟ್ಟಳು. ಈಮೇಲ್ ಬಂದಾಗ ಅವನ ಹೆಸರು ಬರೆದವರು ಭಾವ. ಎರಡು ಸಾಲಲ್ಲ, ಒಂದು ಪುಟ. ಅದರ ಕೊನೆಯಲ್ಲಿ, ಸಂಬಳವನ್ನು ಟಿಕೆಟ್ ದರದಲ್ಲೇ ಸೇರಿಸಿ ಅನ್ನುವ ತಮ್ಮ ಸಲಹೆಯನ್ನೂ ಬಿಡದೆ ಬರೆದಿದ್ದಾರೆ.