ದಿಕ್ಕು ತಪ್ಪಿದ ಡ್ರೋನ್

ಹತ್ತಿ ಸಾಲಿನ ಮೇಲೆ ನೆಟ್ಟಗೆ ಹೋಗುತ್ತಿದ್ದ ಡ್ರೋನ್ ಒಮ್ಮೆಲೇ ವಾಲಿತು. ಸುತ್ತತೊಡಗಿತು. ಮೊದಲು ಕಣದಷ್ಟು ಅಗಲ, ಮರುಗಳಿಗೆ ಅದರ ಎರಡರಷ್ಟು. ಹೊಟ್ಟೆಯಲ್ಲಿ 10 ಲೀಟರ್ ನೀರು, ಮೇಲೆ ಗರಗರ ತಿರುಗುವ ಆರು ರೆಕ್ಕೆ. ದೇವದುರ್ಗದ ಆ ಹೊಲದ ಬದುವಿನಾಚೆ ಹೆಣ್ಣುಮಕ್ಕಳು ಬಗ್ಗಿ ಕಳೆ ತೆಗೆಯುತ್ತಿದ್ದರು.

“ಯವ್ವಾ, ಓಡ್ರಿ! ಆ ಕಡಿ ಓಡ್ರಿ!” ಹೊಲದ ಯಜಮಾನರು ಚೀರಿದರು.

ಮರಳಿ ಬಾ ಎನ್ನುವ ಗುಂಡಿ ಒತ್ತಿದೆ. ಅದೇ ನನ್ನ ದೊಡ್ಡ ತಪ್ಪು. ದಿಕ್ಸೂಚಿಯೇ ದಾರಿ ತಪ್ಪಿದಾಗ ಯಂತ್ರ ಮರಳುವುದಾದರೂ ಎತ್ತ? ಅದು ಹೈಟೆನ್ಷನ್ ತಂತಿಗಳತ್ತ ನುಗ್ಗಿತು. ಆಗ ಹೊಳೆಯಿತು: ಗೋಪುರದ ಉಕ್ಕು, ತಂತಿಯ ಸುತ್ತಲಿನ ಕಾಂತಬಲ, ಇವೇ ಅದರ ತಲೆ ಕೆಡಿಸಿದ್ದು. ಶಕ್ತಿನಗರದ 1720 ಮೆಗಾವಾಟ್ ಸ್ಥಾವರ ಇರುವ ಜಿಲ್ಲೆಯವನು, ಇಂಥ ತಂತಿಗಳ ಕೆಳಗೇ ಆಡಿ ಬೆಳೆದವನು, ಹೊಲ ಅಳೆಯುವಾಗ ಅವನ್ನೇ ಮರೆತಿದ್ದೆ.

ಸ್ವಯಂಚಾಲನೆ ಬಿಡಿಸಿ ಹಿಡಿತ ಕೈಗೆ ತೆಗೆದುಕೊಂಡೆ. ಎಡಕ್ಕೆ. ಇನ್ನೂ ಎಡಕ್ಕೆ. ಹೆಬ್ಬೆರಳು ಬೆವರಿಗೆ ಜಾರುತ್ತಿತ್ತು. ತಂತಿ ಹತ್ತಿರವಾಯಿತು. ಕೆಳಕ್ಕೆಳೆದೆ. ಹತ್ತಿ ಗಿಡಗಳು ಪಟಪಟ ಮುರಿದವು, ರೆಕ್ಕೆ ಚೂರಾದವು, ಬ್ಯಾಟರಿ ಉಬ್ಬಿ ಹೊಗೆ ಕಾರಿತು. ಜೊತೆಗಿದ್ದ ಗೆಳೆಯ ಸಲಿಕೆಯಿಂದ ಅದನ್ನು ದೂರ ನೂಕಿದ. ನಾನೂ ಯಜಮಾನರೂ ಬೊಗಸೆ ಬೊಗಸೆ ಎರೆಮಣ್ಣು ಸುರಿದೆವು.

ಯಾರಿಗೂ ಗಾಯವಾಗಿರಲಿಲ್ಲ. ನಾನು ಗಿಡಗಳ ದುಡ್ಡಿನ ಮಾತೆತ್ತಿದೆ.

“ಅದಿರ್ಲಿ ತಮ್ಮಾ. ರಿಪೇರಿ ಮಾಡ್ಕೊಂಡು ಮತ್ತ ತಗೊಂಡ್ ಬಾ. ಬೆನ್ನಿಗೆ ಟ್ಯಾಂಕ್ ಕಟ್ಕೊಂಡು ಎಣ್ಣಿ ಹೊಡದು ಹೊಡದು ಕಣ್ಣು ಉರ್ದು ಸಾಕಾಗ್ಯಾದ.”

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹೊಲಕ್ಕೆ ಕೀಟನಾಶಕದ ಎಣ್ಣೆ ಹೊಡೆಯಲು ಹೋದ 20ಕ್ಕೂ ಹೆಚ್ಚು ಮಂದಿ ವಿಷವೇರಿ ಸತ್ತರು. ಆ ಸುದ್ದಿ ಓದಿದ ರಾತ್ರಿಯೇ ನಾನೂ ಗೆಳೆಯನೂ ಎಣ್ಣೆ ಹೊಡೆಯುವ ಡ್ರೋನ್ ಕಟ್ಟಲು ಮನಸ್ಸು ಮಾಡಿದ್ದೆವು.

ರಾಯಚೂರಿಗೆ ಬಂದಾಗ ಉಳಿದದ್ದು ಒಂದೇ ಬ್ಯಾಟರಿ, ಹದಿನೈದು ದಿನ. 2021ರಲ್ಲಿ ಬಂದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆ, ಮಾದರಿ ಕಟ್ಟಿ ಪರೀಕ್ಷಿಸಲು 20 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತಿತ್ತು, ಕಂತುಕಂತಾಗಿ, ಒಪ್ಪಿಕೊಂಡ ಹಂತ ದಾಟಿದರೆ ಮಾತ್ರ. ಆ ಹದಿನೈದು ದಿನದಲ್ಲಿ ನಾವು ದಾಟಬೇಕಿದ್ದ ಹಂತ ಹೊಲದ ಪರೀಕ್ಷೆ. ನಿದ್ದೆಗೆಟ್ಟು ದಿಕ್ಸೂಚಿಯನ್ನು ವೈರುಗಳಿಂದ ಮೇಲೆ, ಸಣ್ಣ ಕಂಬದ ತುದಿಗೇರಿಸಿದೆವು. ಎರಡನೆಯದೊಂದನ್ನು ಜೋಡಿಸಿದೆವು. ಎರಡಕ್ಕೂ ತಾಳೆಯಾಗದಿದ್ದರೆ ಯಂತ್ರ ಇದ್ದಲ್ಲೇ ಇಳಿಯಬೇಕು.

ಹದಿಮೂರನೆಯ ದಿನ ಮಾನ್ವಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆ, ಬೆಳಗಿನ ಆರು, ಗಾಳಿ ಏಳುವ ಮುಂಚೆ. ಹನಿ ತಾಕಿದರೆ ನೀಲಿಯಾಗುವ ಹಳದಿ ಕಾಗದದ ತುಂಡುಗಳನ್ನು ಎಲೆಗೂ ಬುಡಕ್ಕೂ ಸಿಕ್ಕಿಸಿದೆವು. ಡ್ರೋನ್ ಎದ್ದಿತು. ಸಾಲು ಮುಗಿಸಿ ತಿರುಗಿತು. ಎಲ್ಲಿಂದಲೋ ಗಾಳಿ ಬೀಸಿತು, ವಾಲಿತು, ನನ್ನ ಉಸಿರು ನಿಂತಿತು, ನೆಟ್ಟಗಾಯಿತು! ಎಂಟು ನಿಮಿಷಕ್ಕೆ ಎಕರೆ ಮುಗಿಸಿ ದಂಡೆಯ ಮೇಲಿಳಿಯಿತು.

ಮೊಣಕಾಲುದ್ದ ಕೆಸರಿಗೆ ಧುಮುಕಿದೆ. ಮೊದಲ ಕಾಗದ ನೀಲಿ. ಎರಡನೆಯದೂ ನೀಲಿ. ಬುಡದ್ದು ಹಳದಿ. ಭತ್ತವನ್ನು ಕಾಡುವ ಕಂದು ಜಿಗಿಹುಳು ಕೂರುವುದೇ ಬುಡದಲ್ಲಿ.

“ಇನ್ನೂ ತಗ್ಗಿಸಿ ಹಾರಿಸೋಣೇನು?” ಗೆಳೆಯ ಕೇಳಿದ.

ಬ್ಯಾಟರಿಯಲ್ಲಿ ಇನ್ನೊಂದು ಅರ್ಧ ಎಕರೆಯಷ್ಟು ಜೀವವಿತ್ತು. ಕಾಲುವೆಯಿಂದ ಕೊಡ ತುಂಬಿ ತಂದು ಟ್ಯಾಂಕಿಗೆ ಸುರಿದೆ.