ಅಲೆನ್‌ಟೌನಿನಲ್ಲಿ ಕಂಡ ಅಚ್ಚು

ಅಮೆರಿಕಾದ ಪೆನ್ಸಿಲ್ವೇನಿಯಾ ಪ್ರಾಂತದ ಅಲೆನ್‌ಟೌನ್ ಪಟ್ಟಣಕ್ಕೆ ಮ್ಯಾಕ್ ಲಾರಿಗಳ ಕಂಪೆನಿಯು 1905ರಲ್ಲಿ ಬ್ರೂಕ್ಲಿನ್ನಿನಿಂದ ಬಂದಿತು. ಮಗನ ಮನೆಗೆಂದು ಹೋಗಿದ್ದ ನಾವು, ಊರ ಹೊರಗಿನ ಕೊಟ್ಟಿಗೆಯೊಂದರಲ್ಲಿ ವೃದ್ಧರಿಬ್ಬರು ಮೂರಚ್ಚಿನ ಹಳೆಯ ಮ್ಯಾಕ್ ಲಾರಿಯೊಂದರ ಮುಂದಿನ ಅಚ್ಚನ್ನು ಬದಲಿಸುತ್ತಿದ್ದುದನ್ನು ಕಂಡೆವು. 1953ರಿಂದ 1966ರವರೆಗೆ ತಯಾರಾದ ‘ಬಿ’ ಮಾದರಿಯದು.

ನೆಟ್ಟಗಿರುವ ಅಚ್ಚನ್ನು ತೆಗೆಯುವುದೇಕೆಂದು ವಿಚಾರಿಸಲಾಗಿ, ಅದರ ಚಕ್ರಗಳಿಗೆ ಬ್ರೇಕೇ ಇಲ್ಲವೆಂದರು! ಮುಂದಿನ ಚಕ್ರಗಳನ್ನು ಬ್ರೇಕು ಹಿಡಿದುಬಿಟ್ಟರೆ ಜಾರುವ ರಸ್ತೆಯಲ್ಲಿ ಲಾರಿಯು ತಿರುಗಿಸಿದತ್ತ ತಿರುಗದೆಂಬುದು ಹಿಂದಿನ ಚಾಲಕರ ಭೀತಿ. ಇಂತಹ ಲಾರಿಗಳಿಗೆ ಅಲ್ಲಿ ಮುಂದಿನ ಬ್ರೇಕು ಕಡ್ಡಾಯವಾದುದು 1980ರ ಜುಲೈ ಕಡೆಯಿಂದೀಚೆಗೆ ತಯಾರಾದವಕ್ಕೆ ಮಾತ್ರ. ಆದರೆ ನಿಲ್ಲಿಸುವಾಗ ಭಾರವು ಮುಂದಕ್ಕೆ ಬೀಳುವುದಷ್ಟೆ. ಅಲ್ಲಿಯೇ ಹಿಡಿತವಿಲ್ಲದಿದ್ದರೆ ಇಳಿಜಾರಿನಲ್ಲಿ ಗತಿಯೇನು?

ಲಾರಿಯ ಚೌಕಟ್ಟನ್ನು ಭದ್ರವಾದ ಆಧಾರಗಳ ಮೇಲಿರಿಸಿ (ಜ್ಯಾಕೊಂದನ್ನೇ ನಂಬಿ ಕೆಳಗೆ ನುಗ್ಗುವುದು ಮೃತ್ಯುವನ್ನು ಕರೆದಂತೆ), ಸ್ಟಿಯರಿಂಗಿನ ಸರಳನ್ನು ಕಳಚಿ, ಯೂ ಬೋಲ್ಟುಗಳನ್ನು ಬಿಚ್ಚಿ ಅಚ್ಚನ್ನಿಳಿಸಿದರು. ಬದಲಿಗೆ ತಂದುದರಲ್ಲಿ ಸ್ಪ್ರಿಂಗ್ ಪಟ್ಟಿಗಳು ಕೂರುವ ಪೀಠಗಳ ಅಂತರವನ್ನು ಮೂರು ಬಾರಿ ಅಳೆದರು. ಕಿಂಗ್‌ಪಿನ್ನಿನ ತಲೆಯು ತುಸು ಹಿಂದಕ್ಕೆ ವಾಲಿರಬೇಕಂತೆ. ಇಲ್ಲವಾದರೆ ತಿರುಗಿದ ಚಕ್ರವು ತಾನಾಗಿ ನೇರಕ್ಕೆ ಮರಳದು. ಸಂಸ್ಕೃತದ ‘ಅಕ್ಷ’ವೂ ಅವರ ‘ಆಕ್ಸಲ್’ಲೂ ಒಂದೇ ಮೂಲದವೆಂದು ನಾವು ಹೇಳಲು, ಅವರಿಗೆ ಬಹಳ ಸಂತೋಷವಾಯಿತು.

ಸಂಜೆಗೆ ಅಂಗಳದಲ್ಲಿ ಹತ್ತು ಮಾರು ನಡೆಸಿ ಬ್ರೇಕು ತುಳಿದರು. ಎಡಚಕ್ರವು ಮೊದಲು ಹಿಡಿಯಿತು. ಎರಡೂ ಒಂದಾಗಿ ಹಿಡಿಯುವವರೆಗೆ ರಸ್ತೆಗೆ ಇಳಿಸೆವೆಂದು ಲಾರಿಯನ್ನು ಒಳಕ್ಕೆ ತಳ್ಳಿದರು.