ಒದ್ದೆಯನ್ನು ಮೇಲಿಡಿ



ಮಲೆನಾಡಿನ ಅಂಚಿನಲ್ಲಿ ಬದುಕುವ ನಮಗೆ ಸೋರುವ ಮನೆಯ ಕಷ್ಟವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್ ಬಂತೆಂದರೆ ಯಾವ ಹೆಂಚು ಸರಿದಿದೆ, ಯಾವ ಮೂಲೆಗೆ ಬಕೆಟ್ ಇಡಬೇಕು ಎಂಬುದು ಮನೆಯ ಹೆಣ್ಣುಮಕ್ಕಳಿಗೇ ಮೊದಲು ಗೊತ್ತಾಗುತ್ತದೆ. ಆದರೆ ಸೋರುವ ಕಾರಿನ ಬಗ್ಗೆ ನಾವು ಮಾತನಾಡುವುದೇ ಕಡಿಮೆ. ಅದು ಗಂಡಸರ ವಿಷಯವೆಂದು ಬಿಟ್ಟುಬಿಡುತ್ತೇವೆ. ಕೊಳ್ಳುವವರು ಅವರು, ಮಾರುವವರು ಅವರು, ಗ್ಯಾರೇಜಿಗೆ ಒಯ್ಯುವವರೂ ಅವರೇ. ಆದರೂ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಾಗ ಕಾಲಡಿಯ ತೇವ, ಮುಗ್ಗಲು ವಾಸನೆ ಮೊದಲು ತಿಳಿಯುವುದು ನಮಗೇ ಅಲ್ಲವೇ? ಅದಕ್ಕಾಗಿಯೇ ಈ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಭದ್ರಾವತಿಯ ಸೊಸೆ. ಪಾಠ ಹೇಳುವುದು ಶಿವಮೊಗ್ಗದ ಒಂದು ಶಾಲೆಯಲ್ಲಿ. ಎರಡೂ ಊರುಗಳಲ್ಲಿ ನಮ್ಮಂಥ ಮಧ್ಯಮ ವರ್ಗದ ಕುಟುಂಬಗಳು ಕಾರು ಕೊಳ್ಳುವುದೆಂದರೆ ಸಾಮಾನ್ಯವಾಗಿ ಸೆಕೆಂಡ್ ಹ್ಯಾಂಡ್ ಕಾರನ್ನೇ. ಮನೆಯಲ್ಲಿ ಹಿರಿಯರಿರುತ್ತಾರೆ, ರಾತ್ರಿ ಹೊತ್ತು ಆಸ್ಪತ್ರೆಗೆ ಓಡಬೇಕಾಗುತ್ತದೆ, ಸುರಿಯುವ ಮಳೆಯಲ್ಲಿ ಮಕ್ಕಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗಲಾಗುವುದಿಲ್ಲ. ಹಾಗಾಗಿ ಒಂದಿಷ್ಟು ಉಳಿತಾಯ, ಒಂದಿಷ್ಟು ಸಾಲ, ಅದೂ ಸಾಲದಿದ್ದರೆ ಹೆಂಡತಿಯ ಬಳೆ. ನನ್ನ ಮೈದುನ 2022ರ ಮಾರ್ಚ್‌ನಲ್ಲಿ ಶಿವಮೊಗ್ಗದ ಒಬ್ಬ ವ್ಯಾಪಾರಿಯಿಂದ ಹಳೆಯ ಕಾರು ಕೊಂಡಾಗಲೂ ನಡೆದದ್ದು ಇದೇ. ಅವನ ಹೆಂಡತಿಯ ನಾಲ್ಕು ಬಳೆಗಳು ಬ್ಯಾಂಕಿಗೆ ಹೋದವು. ಒಂದು ವರ್ಷದಲ್ಲಿ ಬಿಡಿಸಿ ಕೊಡುತ್ತೇನೆಂದು ಅವನು ಮಾತು ಕೊಟ್ಟಿದ್ದ.

ಮಾರ್ಚ್‌ನಲ್ಲಿ ಕಾರು ಲಕಲಕ ಹೊಳೆಯುತ್ತಿತ್ತು. ಒಳಗೆ ಅತ್ತರಿನಂಥ ಪರಿಮಳ. ಜೂನ್ ತಿಂಗಳ ಎರಡನೇ ಮಳೆಗೆ ಮುಂದಿನ ಎಡಗಡೆಯ ಮ್ಯಾಟ್ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಯಿತು. ಮಾರಿದವರನ್ನು ಕೇಳಿದರೆ, "ಅದು ಎಸಿ ನೀರು, ಪೈಪ್ ಕ್ಲೀನ್ ಮಾಡಿಸಿ" ಎಂದರು. ಮಾಡಿಸಿದೆವು. ಮುಂದಿನ ವಾರ ಮತ್ತೆ ಒದ್ದೆ. ಎಸಿಯ ನೀರಾದರೆ ಬೇಸಿಗೆಯಲ್ಲೂ ಬರಬೇಕಿತ್ತು. ಇದು ಮಳೆಯಾದ ಮರುದಿನ ಮಾತ್ರ ಕಾಣಿಸುತ್ತಿತ್ತು. ಈ ವ್ಯತ್ಯಾಸವನ್ನು ಗುರುತಿಸಿದವಳು ನನ್ನ ಓರಗಿತ್ತಿ. "ಭಾಬಿ, ಬಿಸಿಲಿದ್ದ ದಿನ ಎಸಿ ಹಾಕಿದರೂ ಒಣಗಿಯೇ ಇರುತ್ತದಲ್ಲ?" ಎಂದು ಅವಳು ನನ್ನನ್ನು ಕೇಳಿದಳು.

ಕಾರಿನೊಳಗೆ ನೀರು ಹೇಗೆ ಬರುತ್ತದೆ? ಇದನ್ನು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಮುಂದಿನ ಗಾಜಿನ ಬುಡದಲ್ಲಿ, ವೈಪರ್‌ಗಳಿರುವ ಕಡೆ ಒಂದು ತೊಟ್ಟಿಯಂಥ ಜಾಗವಿದೆ. ಗಾಜಿನ ಮೇಲಿನ ಮಳೆನೀರು ಅಲ್ಲಿಗೆ ಇಳಿದು ಸಣ್ಣ ರಂಧ್ರಗಳಿಂದ ಹೊರಹೋಗುತ್ತದೆ. ಮರದ ಕೆಳಗೆ ಕಾರು ನಿಲ್ಲಿಸುವ ಅಭ್ಯಾಸವಿದ್ದರೆ ಎಲೆ, ಹೂವು ಬಿದ್ದು ಆ ರಂಧ್ರಗಳು ಮುಚ್ಚಿ, ತುಂಬಿದ ನೀರು ಒಳಗೆ ಇಳಿಯುತ್ತದೆ. ಕಿಟಕಿಯ ಗಾಜು ಇಳಿಯುವ ಸೀಳಿನಿಂದ ಬಾಗಿಲೊಳಕ್ಕೂ ನೀರು ಹೋಗುತ್ತದೆ. ಅದು ಸಹಜ. ಬಾಗಿಲಿನ ಕೆಳಗಿನ ತೂತುಗಳಿಂದ ಅದು ಹೊರಬೀಳಬೇಕು. ಬಾಗಿಲಿನ ಒಳಮೈಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೊಂದು ಆ ನೀರು ನಮ್ಮ ಕಡೆ ಬರದಂತೆ ತಡೆಯುತ್ತದೆ. ಸ್ಪೀಕರ್ ಹಾಕಿಸುವಾಗಲೋ ಪವರ್ ವಿಂಡೋ ರಿಪೇರಿಯಲ್ಲೋ ಆ ಹಾಳೆ ಹರಿದರೆ ನೀರು ನೇರ ಕಾಲಡಿಗೆ ಬರುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಸವೆದರೂ, ಗಾಜಿನ ಸುತ್ತಲಿನ ಅಂಟು ಬಿಟ್ಟರೂ, ಹಿಂದಿನ ಲೈಟಿನ ರಬ್ಬರ್ ಒಣಗಿ ಬಿರಿದರೂ ಇದೇ ಗತಿ. ಈಚಿನ ಕಾರುಗಳ ಸನ್‌ರೂಫ್‌ನ ನೀರು ಸಣ್ಣ ಪೈಪುಗಳಲ್ಲಿ ಇಳಿದು ಹೋಗಬೇಕು. ಧೂಳು ಕಟ್ಟಿ ಅವು ಮುಚ್ಚಿದರೆ ಹೊಸ ಕಾರಾದರೂ ಸೋರುತ್ತದೆ.

ಪತ್ತೆ ಮಾಡುವ ವಿಧಾನವೂ ಸುಲಭ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡುತ್ತಾ ಕೆಳಗಿನಿಂದ ನಿಧಾನವಾಗಿ ಮೇಲಕ್ಕೆ ಬರಬೇಕು. ಮೊದಲೇ ಮೇಲಿನಿಂದ ಸುರಿದರೆ ಎಲ್ಲಿಂದ ಸೋರಿತೆಂದು ತಿಳಿಯುವುದಿಲ್ಲ.

"ಸ್ವಲ್ಪ ನೀರು ತಾನೇ, ಬಿಸಿಲಿಗೆ ನಿಲ್ಲಿಸಿದರಾಯಿತು" ಎನ್ನಬೇಡಿ. ಇಂದಿನ ಬಹುತೇಕ ಸಣ್ಣ ಕಾರುಗಳಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ನೆಲ, ಕಂಬ, ಛಾವಣಿ ಎಲ್ಲವನ್ನೂ ತಗಡಿನಲ್ಲಿ ಬೆಸೆದು ಮಾಡಿದ ಪೆಟ್ಟಿಗೆಯೇ ಕಾರಿನ ಅಸ್ಥಿಪಂಜರ. ಸೀಟುಗಳು ಬೋಲ್ಟ್ ಆಗಿರುವುದು ಆ ನೆಲಕ್ಕೇ. ಸೀಟ್‌ಬೆಲ್ಟಿನ ಕೊಂಡಿಗಳೂ ಆ ಪೆಟ್ಟಿಗೆಗೇ ಬಿಗಿದಿರುತ್ತವೆ. ಮ್ಯಾಟಿಂಗ್‌ನ ಅಡಿಯಲ್ಲಿರುವ ಸ್ಪಂಜು ತಿಂಗಳುಗಟ್ಟಲೆ ನೀರು ಹಿಡಿದುಕೊಂಡರೆ ತಗಡು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಅಲ್ಲೇ ಹಾದುಹೋಗುವ ವೈರುಗಳ ಕನೆಕ್ಟರ್‌ಗಳೂ ಹಾಳಾಗುತ್ತವೆ. ಚೌಕಟ್ಟಿನ ಗಟ್ಟಿತನ ಎಷ್ಟು ಮುಖ್ಯ ಎಂಬುದು ನಮ್ಮ ದೇಶಕ್ಕೆ ಮನವರಿಕೆಯಾಗಲು ಬಹಳ ಕಾಲ ಹಿಡಿಯಿತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಡಿಕ್ಕಿ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದಾಗ, ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ. ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಂದು. ಹೊಸ ಕಾರಿನ ಚೌಕಟ್ಟಿಗೇ ಇಷ್ಟು ಪರೀಕ್ಷೆ ಬೇಕಾದರೆ, ತುಕ್ಕು ತಿಂದ ಚೌಕಟ್ಟಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವುದನ್ನು ಏನೆನ್ನಬೇಕು?

ಭದ್ರಾವತಿ ಕಬ್ಬಿಣದ ಊರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಊರು. ಇಲ್ಲಿನ ಟಿಂಕರಿಂಗ್ ಉಸ್ತಾದರೊಬ್ಬರು ನಮ್ಮ ಕಾರಿನ ಸೀಟು ಬಿಚ್ಚಿ ಮ್ಯಾಟಿಂಗ್ ಎತ್ತಿದರು. ಕೆಳಗೆ ಹೊಳೆಯ ಮಣ್ಣಿನಂಥ ನುಣುಪು ಕೆಸರು ಒಣಗಿ ಅಂಟಿಕೊಂಡಿತ್ತು. ಒಂದು ಕಡೆ ತೂತಾದ ನೆಲಕ್ಕೆ ತುಂಡು ತಗಡು ಇಟ್ಟು, ಪುಟ್ಟಿ ಮೆತ್ತಿ, ಮೇಲೆ ಕಪ್ಪು ಕೋಟಿಂಗ್ ಬಳಿದಿದ್ದರು. ಅವರು ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಒತ್ತಿದರೆ ಅದು ಒಳಕ್ಕೆ ಹೋಯಿತು. "ಮೇಡಂ, ಇದು ನೀರಲ್ಲಿ ನಿಂತ ಗಾಡಿ" ಎಂದಷ್ಟೇ ಹೇಳಿದರು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಕೇರಳದಲ್ಲಿ 2018ರಲ್ಲಿ, ಚೆನ್ನೈಯಲ್ಲಿ 2015ರಲ್ಲಿ ಸಾವಿರಾರು ವಾಹನಗಳು ಮುಳುಗಿದವು. ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗುವುದಿಲ್ಲ. ತೊಳೆದು, ಒಣಗಿಸಿ, ಪರಿಮಳ ಹೊಡೆದು ಮತ್ತೆ ಯಾರಿಗೋ ಮಾರುವವರಿದ್ದಾರೆ.

ನಿಜವಾದ ಪರೀಕ್ಷೆ ಎದುರಾದದ್ದು ಆಮೇಲೆ. ಮೈದುನನ ಸ್ನೇಹಿತರು ಸಲಹೆ ಕೊಟ್ಟರು: "ಹತ್ತು ಸಾವಿರ ಖರ್ಚು ಮಾಡು, ಮತ್ತೆ ಪುಟ್ಟಿ ಹಾಕಿಸು, ಬೇಸಿಗೆಯಲ್ಲಿ ಮಾರಿಬಿಡು. ನಿನಗೆ ಹೇಗೆ ಬಂತೋ ಹಾಗೆಯೇ ಹೋಗಲಿ." ಅವನ ಸ್ಥಿತಿಯನ್ನು ನೀವೂ ಯೋಚಿಸಿ. ಮೋಸ ಹೋದವನು ಅವನು, ಸಾಲ ತೀರಿಸಬೇಕಾದವನೂ ಅವನೇ. ಹೆಂಡತಿಯ ಬಳೆ ಬ್ಯಾಂಕಿನಲ್ಲಿದೆ. ಅವನು ಒಲಿದುಬಿಟ್ಟಿದ್ದ. ಆಗ ಒಂದು ಸಂಜೆ ನನ್ನ ಅತ್ತೆ ಕೇಳಿದರು, "ಬೇಟಾ, ಕೊಳ್ಳುವವನ ಹೆಂಡತಿಯ ಬಳೆ ಯಾವ ಬ್ಯಾಂಕಿನಲ್ಲಿರುತ್ತದೆ?" ಅವನು ಉತ್ತರ ಕೊಡಲಿಲ್ಲ.

ಅಂದು ನಾನು ಮನೆಯವರಿಗೆ ಮದ್ರಸದಲ್ಲಿ ಓದಿದ ಒಂದು ಹದೀಸ್ ನೆನಪಿಸಿದೆ. ನಿಮ್ಮಲ್ಲಿ ಅನೇಕರು ಕೇಳಿರುವಿರಿ. ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ನಿಂತು ಅದರೊಳಗೆ ಕೈ ಹಾಕಿದರು. ಬೆರಳಿಗೆ ತೇವ ತಗಲಿತು. ಇದೇನೆಂದು ಕೇಳಿದಾಗ ವ್ಯಾಪಾರಿ, ಮಳೆ ಬಿದ್ದು ನೆನೆಯಿತೆಂದ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯಾದದ್ದನ್ನು ಮೇಲೇಕೆ ಇಡಲಿಲ್ಲವೆಂದು ಪ್ರವಾದಿಯವರು(ಸ) ಪ್ರಶ್ನಿಸಿದರು. ವಂಚಿಸುವವನು ತಮ್ಮವನಲ್ಲವೆಂದೂ ಎಚ್ಚರಿಸಿದರು. ಗಮನಿಸಿ, ಮಳೆಗೆ ನೆನೆದದ್ದು ಆ ವ್ಯಾಪಾರಿಯ ತಪ್ಪಾಗಿರಲಿಲ್ಲ. ಒದ್ದೆ ಧಾನ್ಯವನ್ನು ಮಾರಬಾರದೆಂದೂ ಅವನಿಗೆ ಹೇಳಲಿಲ್ಲ. ಕೇಳಿದ್ದು ಇಷ್ಟೇ: ಅದನ್ನು ಅಡಿಗೆ ಹಾಕಿದ್ದೇಕೆ?

ಹನಫಿ ಫಿಕ್ಹ್‌ನ 'ಕುದೂರಿ' ಗ್ರಂಥದಲ್ಲಿ 'ಖಿಯಾರೆ ಐಬ್' ಎಂಬ ಅಧ್ಯಾಯವೇ ಇದೆ. ವ್ಯಾಪಾರಸ್ಥರ ರೂಢಿಯಲ್ಲಿ ಯಾವುದರಿಂದ ವಸ್ತುವಿನ ಬೆಲೆ ಇಳಿಯುತ್ತದೋ ಅದೆಲ್ಲ ಐಬು. ಮಾರುವವನ ಬಳಿ ಇದ್ದಾಗಲೇ ಇದ್ದ ದೋಷ ಆಮೇಲೆ ಗೊತ್ತಾದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ಬಿ.ಎ. ಓದುವಾಗ ಗ್ರಾಹಕ ಕಾನೂನಿನ ಪುಟಗಳಲ್ಲಿ ಇದಕ್ಕೆ ಹತ್ತಿರದ ಮಾತು ಕಂಡು ನನಗೆ ಆಶ್ಚರ್ಯವಾಗಿತ್ತು. ಅಲ್ಲಿಯೂ ಗುಣಮಟ್ಟದಲ್ಲಿರುವ ಯಾವುದೇ ಕುಂದುಕೊರತೆಗೆ ದೋಷವೆಂದೇ ಹೆಸರು.

ನಾವು ಮಾಡಿದ್ದೇನು? ಕೆಸರಿನ, ತುಕ್ಕಿನ ಫೋಟೋಗಳನ್ನು ದಿನಾಂಕದೊಂದಿಗೆ ತೆಗೆದುಕೊಂಡೆವು. ಉಸ್ತಾದರಿಂದ ಬರಹದಲ್ಲಿ ವಿವರ ಪಡೆದೆವು. ಮಾರಿದ ವ್ಯಾಪಾರಿಗೆ ರಿಜಿಸ್ಟರ್ಡ್ ಪತ್ರ ಬರೆದೆವು. ಗ್ರಾಹಕ ಆಯೋಗಕ್ಕೆ ಹೋಗುತ್ತೇವೆಂಬುದನ್ನೂ ತಿಳಿಸಿದೆವು. ಅವರು ಕಾರು ಹಿಂದಕ್ಕೆ ಪಡೆಯಲಿಲ್ಲ. ಆದರೆ ಹೊಸ ತಗಡು ಬೆಸೆಯುವ ಖರ್ಚಿನ ಅರ್ಧ ಕೊಟ್ಟರು. ಮೈದುನ ಅಷ್ಟಕ್ಕೆ ಒಪ್ಪಿದ. ಮುಂದೆ ಕಾರು ಮಾರುವಾಗ ಅದೇ ಫೋಟೋಗಳನ್ನು ಕೊಳ್ಳುವವರ ಮುಂದಿಟ್ಟ. ಇಬ್ಬರು ನೋಡಿ ಹೊರಟುಹೋದರು. ಮೂರನೆಯವರು ಬೆಲೆಯಲ್ಲಿ 45,000 ರೂಪಾಯಿ ಕಡಿಮೆ ಮಾಡಿ, ಎಲ್ಲವನ್ನೂ ತಿಳಿದೇ ಕೊಂಡರು. ಬಳೆಗಳು ಮನೆಗೆ ಬರಲು ಹೇಳಿದ್ದಕ್ಕಿಂತ 11 ತಿಂಗಳು ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಎರಡು ಮದುವೆಗಳಿಗೆ ನನ್ನ ಓರಗಿತ್ತಿ ಗಾಜಿನ ಬಳೆ ತೊಟ್ಟು ಹೋಗಿಬಂದಳು.

ಈಗ ನಿಮ್ಮ ಉಪಯೋಗಕ್ಕೆ ಕೆಲವು ಮಾತು. ಹಳೆಯ ಕಾರು ನೋಡಲು ಹೋಗುವಾಗ ನೀವೂ ಜೊತೆಗೆ ಹೋಗಿ. ಮ್ಯಾಟ್ ಎತ್ತಿ ಕೈಯಿಂದ ಒತ್ತಿ ನೋಡಿ. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ನೀರಿನಲ್ಲಿ ನಿಂತ ಕಾರಾದರೆ ಕೊನೆಯ ಭಾಗದಲ್ಲಿ ಕೆಸರಿನ ಕಲೆ ಉಳಿದಿರಬಹುದು. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ ಮತ್ತು ಸೀಟಿನ ಬೋಲ್ಟ್‌ಗಳ ತುಕ್ಕನ್ನು ಗಮನಿಸಿ. ಪರಿಮಳ ಅತಿಯಾಗಿದ್ದರೆ ಕಾರಣ ಕೇಳಿ. ಬಾಗಿಲು, ಬಾನೆಟ್‌ಗಳ ಸಂದು ಎರಡೂ ಕಡೆ ಒಂದೇ ಸಮ ಇಲ್ಲದಿದ್ದರೆ ಅಪಘಾತದ ರಿಪೇರಿಯಾಗಿರಬಹುದು. 2023ರ ಏಪ್ರಿಲ್ 1ರಿಂದ ಹಳೆಯ ವಾಹನ ಮಾರುವ ಡೀಲರ್‌ಗಳು ಸಾರಿಗೆ ಇಲಾಖೆಯ ಅಧಿಕೃತ ಪ್ರಮಾಣಪತ್ರ ಪಡೆದಿರಬೇಕೆಂಬ ನಿಯಮವಿದೆ. ಅದನ್ನು ತೋರಿಸಲು ಹೇಳಿ.

ಹೊಸ ಕಾರು ಸೋರಿದರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಪ್ರತಿ ಸಲವೂ ಜಾಬ್ ಕಾರ್ಡಿನಲ್ಲಿ 'ಮಳೆನೀರು ಒಳಗೆ ಬರುತ್ತಿದೆ' ಎಂದು ಬರೆಸಿ, ಪ್ರತಿ ಇಟ್ಟುಕೊಳ್ಳಿ. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆದರೆ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇಡೀ ಕಾರನ್ನೇ ಬದಲಿಸಿಕೊಡುವರೆಂಬ ಭರವಸೆ ಬೇಡ. ದೋಷವಿರುವ ಭಾಗವನ್ನು ಬದಲಿಸಲು ಸಾಧ್ಯವಿರುವಾಗ ಇಡೀ ಕಾರನ್ನು ಬದಲಿಸುವ ಆದೇಶ ಸರಿಯಲ್ಲವೆಂಬ ನಿಲುವನ್ನು ಸುಪ್ರೀಂ ಕೋರ್ಟ್ 2006ರಲ್ಲೇ ತಾಳಿದೆ. ಗೋವಾದ ಗ್ರಾಹಕರೊಬ್ಬರಿಗೆ 2011ರ ಮಾದರಿಯ ಹಣ ಪಡೆದು, ತಳ ತುಕ್ಕು ಹಿಡಿದ 2009ರ ಕಾರು ಕೊಟ್ಟ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಅದೇ ಕೋರ್ಟ್, ತಯಾರಕರನ್ನು ಬಿಟ್ಟು ಡೀಲರನ್ನು ಮಾತ್ರ ಹೊಣೆಯಾಗಿಸಿತು. ಆದ್ದರಿಂದ ದೂರಿನ ಪತ್ರ ತಯಾರಕರಿಗೆ ಹೋದರೆ ಸಾಲದು, ಡೀಲರಿಗೂ ಹೋಗಲಿ. ಸುರಕ್ಷತೆಗೆ ಅಪಾಯ ತರುವ ದೋಷಗಳನ್ನು ಸಾಕಷ್ಟು ಮಾಲೀಕರು ವರದಿ ಮಾಡಿದರೆ ವಾಹನಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸಿಕೊಡಲು ಸರ್ಕಾರ ಆದೇಶಿಸಬಹುದಾದ ಕಾನೂನೂ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೀವು ಸುಮ್ಮನಿದ್ದರೆ ಆ ಲೆಕ್ಕಕ್ಕೆ ಒಂದು ದೂರು ಕಡಿಮೆಯಾಗುತ್ತದೆ.

ಆದರೆ ನೆರೆಯವರು, ಬಂಧುಗಳು ತಮ್ಮ ತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳುವ ಕಾರಿನ ವಿಷಯದಲ್ಲಿ ಗ್ರಾಹಕ ಆಯೋಗ ನೆರವಿಗೆ ಬರುವುದು ಕಷ್ಟ. ದೋಷವನ್ನು ಬೇಕೆಂದೇ ಮರೆಮಾಚುವುದು 1872ರ ಕರಾರು ಕಾಯ್ದೆಯಡಿ ವಂಚನೆಯೇ. ಆದರೆ ಅದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತುವವರೆಷ್ಟು ಮಂದಿ? ಅಲ್ಲಿ ಉಳಿಯುವುದು ಅಲ್ಲಾಹನ ಭಯ ಮತ್ತು ಮನೆಯವರು ಕೇಳುವ ಪ್ರಶ್ನೆ. ನಿಮ್ಮ ಮನೆಯ ಕಾರು ಮಾರಾಟಕ್ಕೆ ನಿಂತ ದಿನ ಆ ಪ್ರಶ್ನೆಯನ್ನು ನೀವು ಕೇಳಿ. ಅದು ಎಲ್ಲಿ ಸೋರುತ್ತದೆಂದು ನಿಮಗೆ ಗೊತ್ತಿದೆ. ಕೊಳ್ಳುವವರಿಗೂ ಅದನ್ನು ಹೇಳಿದ್ದೀರಾ?